‘ಬ್ಯಾಟಲ್ ರಾಯಲ್’ ತೋರಿಸಿ ಚರ್ಚೆ ನಡೆಸುವುದು: ನನ್ನ ಅನುಭವ

‘ಬ್ಯಾಟಲ್ ರಾಯಲ್’ ಜಪಾನಿನ ಸಿನಿಮಾ: ಒಂದು ತರಗತಿಯ ಮಕ್ಕಳನ್ನು ಸರ್ಕಾರವೇ ದ್ವೀಪವೊಂದಕ್ಕೆ ಒಯ್ದು, ಒಬ್ಬರೇ ಉಳಿಯುವ ತನಕ ಒಬ್ಬರನ್ನೊಬ್ಬರು ಕೊಲ್ಲುವ ಆಟಕ್ಕೆ ತಳ್ಳುತ್ತದೆ. ಅದು ಮುಗಿದು ದೀಪ ಹಾಕುವ ಹೊತ್ತಿಗೆ ಕೋಣೆ ಎರಡು ಪಾಲಾಗಿರುತ್ತದೆ. ಮಕ್ಕಳ ಕೈಯಲ್ಲಿ ಮಕ್ಕಳನ್ನೇ ಕೊಲ್ಲಿಸಿ ಅದನ್ನು ಮಜವಾಗಿ ತೋರಿಸಿದ್ದಾರೆ ಅಂತ ಒಂದು ಪಾಲು. ದೊಡ್ಡವರು ಮಾಡುವ ಮೋಸವನ್ನು ಇಷ್ಟು ನೇರವಾಗಿ ಹೇಳಿದ ಸಿನಿಮಾ ಅಪರೂಪ ಅಂತ ಇನ್ನೊಂದು ಪಾಲು. ಈ ಜಗಳವನ್ನು ಅದರ ಪಾಡಿಗೆ ಬಿಟ್ಟರೆ ಹತ್ತು ನಿಮಿಷದಲ್ಲಿ ‘ನನಗೆ ಹಿಡಿಸಿತು, ನನಗೆ ಹಿಡಿಸಲಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಪ್ರತಿ ಅಭಿಪ್ರಾಯವನ್ನೂ ಒಂದೊಂದು ದೃಶ್ಯಕ್ಕೆ ಕಟ್ಟಿಹಾಕಿದರೆ ಮಾತ್ರ ಮಾತು ಬೆಳೆಯುತ್ತದೆ. ಅದಕ್ಕೆ ನಾನು ಅನುಸರಿಸುವ ಕ್ರಮ ಇದು.

ಮೊದಲು ಯಾವ ಆವೃತ್ತಿ ಎಂದು ತೀರ್ಮಾನಿಸಬೇಕು. 2000ದ ಡಿಸೆಂಬರ್‌ನಲ್ಲಿ ಜಪಾನಿನ ಚಿತ್ರಮಂದಿರಗಳಿಗೆ ಬಂದದ್ದು ಸುಮಾರು 114 ನಿಮಿಷದ್ದು. ಮರುವರ್ಷ ಬಂದ ವಿಶೇಷ ಆವೃತ್ತಿ ಸುಮಾರು 122 ನಿಮಿಷ. ಅದರಲ್ಲಿ ಗ್ರಾಫಿಕ್ಸ್‌ನಿಂದ ರಕ್ತ ಸೇರಿಸಿದ್ದಾರೆ, ಬಾಸ್ಕೆಟ್‌ಬಾಲ್ ಪಂದ್ಯದ ನೆನಪುಗಳಿವೆ, ಕರುಣೆಯಿಲ್ಲದೆ ಕೊಲ್ಲುವ ಮಿತ್ಸುಕೊ ಎಂಬ ಹುಡುಗಿಯ ಬಾಲ್ಯದ ಒಂದು ತುಣುಕಿದೆ. ನಾನು ತೋರಿಸುವುದು ಚಿಕ್ಕದನ್ನೇ. ಮಿತ್ಸುಕೊ ಯಾಕೆ ಹಾಗಾದಳು ಎಂಬುದಕ್ಕೆ ದೊಡ್ಡ ಆವೃತ್ತಿ ಸಿದ್ಧ ಉತ್ತರ ಕೊಟ್ಟುಬಿಡುತ್ತದೆ. ಚಿಕ್ಕದರಲ್ಲಿ ಆ ಪ್ರಶ್ನೆ ನೋಡುವವರ ತಲೆಯಲ್ಲೇ ಉಳಿಯುತ್ತದೆ, ಚರ್ಚೆಗೆ ಬೇಕಾದದ್ದೂ ಅದೇ. ಬಂದವರಲ್ಲಿ ಕೆಲವರು ಮನೆಯಲ್ಲಿ ದೊಡ್ಡದನ್ನು ನೋಡಿ ಬಂದಿರುತ್ತಾರೆ. ಯಾವುದು ನೋಡಿದ್ದು ಎಂದು ಮೊದಲೇ ಕೇಳಿಕೊಳ್ಳದಿದ್ದರೆ ಇಬ್ಬರು ಎರಡು ಬೇರೆ ಸಿನಿಮಾಗಳ ಬಗ್ಗೆ ವಾದ ಮಾಡುತ್ತಾ ಕೂರುತ್ತಾರೆ.

ಸಬ್‌ಟೈಟಲ್ ಅನ್ನು ಹಿಂದಿನ ದಿನವೇ ಪೂರ್ತಿ ಓಡಿಸಿ ನೋಡಿ. ಒಬ್ಬೊಬ್ಬರು ಸತ್ತಾಗಲೂ ಪರದೆಯ ಮೇಲೆ ಹೆಸರು, ಹಾಜರಿ ಪುಸ್ತಕದ ಕ್ರಮಸಂಖ್ಯೆ, ಇನ್ನೆಷ್ಟು ಮಂದಿ ಉಳಿದರು ಎಂಬ ಲೆಕ್ಕ ಮೂಡುತ್ತದೆ. ಸಬ್‌ಟೈಟಲ್‌ನಲ್ಲಿ ಈ ಬರಹದ ಅನುವಾದ ಇಲ್ಲದಿದ್ದರೆ ಸತ್ತವರು ಬರೀ ಹೆಣಗಳಾಗಿಬಿಡುತ್ತಾರೆ, ‘ಹಿಂಸೆಯ ವೈಭವ’ ಎನ್ನುವವರ ಮಾತಿಗೆ ಸುಮ್ಮನೆ ತೂಕ ಬರುತ್ತದೆ. ಶಬ್ದದ ಮಟ್ಟವನ್ನು ಶುರುವಿನ ದೃಶ್ಯ ನೋಡಿ ಹೊಂದಿಸಬೇಡಿ. ಅಲ್ಲಿ ಇಟಲಿಯ ಸಂಗೀತಗಾರ ವರ್ದಿಯ ‘ರೆಕ್ವಿಯಂ’ (ಸತ್ತವರಿಗಾಗಿನ ಪ್ರಾರ್ಥನಾ ಸಂಗೀತ) ಅಬ್ಬರಿಸುತ್ತದೆ, ಅದನ್ನು ಕೇಳಿ ತಗ್ಗಿಸಿಟ್ಟರೆ ಮುಂದೆ ಹುಡುಗರ ಪಿಸುಮಾತು ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಪಿಸುಮಾತಿನ ದೃಶ್ಯ ಹಾಕಿ ಹೊಂದಿಸಿಕೊಂಡು, ಆಮೇಲೆ ಗುಂಡಿನ ಸದ್ದು ಕಿವಿಗೆ ಹೊಡೆಯುತ್ತದೆಯೇ ನೋಡಿ.

ಬರುವವರು 18 ದಾಟಿರಬೇಕು, 25 ಜನಕ್ಕಿಂತ ಹೆಚ್ಚಿರಬಾರದು. ಕೊಲೆಗಳಿವೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಆತ್ಮಹತ್ಯೆಗಳೂ ಇವೆ ಎಂಬುದನ್ನು ಬಾಯಿಬಿಟ್ಟು ಹೇಳಲೇಬೇಕು: ಶುರುವಿನಲ್ಲೇ ನಾಯಕ ಶುಯಾನ ತಂದೆ ನೇಣು ಹಾಕಿಕೊಂಡಿರುತ್ತಾನೆ, ಮುಂದೆ ಒಂದು ಜೋಡಿ ಕಡಲಂಚಿನ ಬಂಡೆಯಿಂದ ಧುಮುಕುತ್ತದೆ. ಬಾಗಿಲ ಬಳಿಯ ನಾಲ್ಕು ಕುರ್ಚಿ ಖಾಲಿ ಬಿಟ್ಟರೆ ಎದ್ದು ಹೋಗಬೇಕೆನಿಸಿದವರು ಯಾರನ್ನೂ ದಾಟಿ ಹೋಗಬೇಕಾಗಿಲ್ಲ.

ಬಹುಪಾಲು ಒಂದೇ ಸಮವಸ್ತ್ರದ 42 ವಿದ್ಯಾರ್ಥಿಗಳು, ಎಲ್ಲ ಹೊಸ ಹೆಸರು. ಅರ್ಧ ಪುಟದ ಕಾಗದದಲ್ಲಿ ಎಂಟು ಹೆಸರು ಮಾತ್ರ ಬರೆದು ಕೊಡುತ್ತೇನೆ: ಶುಯಾ, ನೊರಿಕೊ, ಕವಾದಾ, ಕಿರಿಯಾಮಾ, ಮಿತ್ಸುಕೊ, ಚಿಗುಸಾ, ಮಿಮುರಾ, ಮತ್ತು ಮೇಷ್ಟ್ರು ಕಿತಾನೊ. ಅದಕ್ಕಿಂತ ಹೆಚ್ಚಾದರೆ ಜನ ಪರದೆ ಬಿಟ್ಟು ಕಾಗದ ನೋಡುತ್ತಾರೆ.

ಚಿತ್ರಕ್ಕೆ ಮುಂಚೆ ಮೂರು ನಿಮಿಷ ಮಾತಾಡಿದರೆ ಸಾಕು. ನಿರ್ದೇಶಕ ಕಿಂಜಿ ಫುಕಾಸಾಕು ಅವರ ಬದುಕಿನ ಕಥೆಯನ್ನು ಆಗ ಹೇಳಲೇಬಾರದು. ಹೇಳಿದರೆ ಜನ ಗೌರವಕ್ಕೆ ಬಿದ್ದು ತಮ್ಮ ಅಸಹ್ಯವನ್ನು ನುಂಗಿಕೊಳ್ಳುತ್ತಾರೆ. ಚಿತ್ರ ಮುಗಿದ ತಕ್ಷಣ ಚೀಟಿ ಹಂಚಿ, ಯಾರೂ ಮಾತಾಡುವ ಮೊದಲು ಹತ್ತು ನಿಮಿಷ ಬರೆಸಿ. ಪ್ರಶ್ನೆ ಎರಡೇ. ಯಾವ ದೃಶ್ಯದಲ್ಲಿ ಈ ಸಿನಿಮಾ ನಿಮ್ಮನ್ನು ಕಳೆದುಕೊಂಡಿತು, ಅಥವಾ ಹಿಡಿದುಕೊಂಡಿತು? ಆ ದೃಶ್ಯದಲ್ಲಿ ನೀವು ಯಾರ ಮುಖ ನೋಡುತ್ತಿದ್ದಿರಿ? ಎರಡನೆಯದನ್ನು ಬಿಡಬೇಡಿ. ‘ಹಿಂಸೆ ಜಾಸ್ತಿಯಾಯಿತು’ ಎಂಬ ಮಾತು ಆ ಪ್ರಶ್ನೆಯ ಮುಂದೆ ಹಾಗೇ ನಿಲ್ಲುವುದಿಲ್ಲ, ಎಲ್ಲಿ, ಯಾರ ಮೇಲೆ ಎಂದು ಹೇಳಲೇಬೇಕಾಗುತ್ತದೆ.

ಚೀಟಿಗಳಲ್ಲಿ ಮತ್ತೆ ಮತ್ತೆ ಬರುವ ಜಾಗಗಳು ಎರಡು. ಒಂದು, ಆಟದ ನಿಯಮ ವಿವರಿಸುವ ವಿಡಿಯೋ. ತರಗತಿಯಲ್ಲಿ ಟಿವಿ ಇಟ್ಟು, ನಗುನಗುತ್ತಾ ಮಾತಾಡುವ ಹುಡುಗಿಯೊಬ್ಬಳಿಂದ ಮೂರು ದಿನದ ಆಟ, ಕೊರಳಿನ ಸ್ಫೋಟಕ ಪಟ್ಟಿ, ಅಪಾಯದ ವಲಯಗಳನ್ನೆಲ್ಲ ಮಕ್ಕಳ ಕಾರ್ಯಕ್ರಮದ ದನಿಯಲ್ಲಿ ಹೇಳಿಸುತ್ತಾರೆ. ನಗು ಬರುತ್ತದೆ, ನಕ್ಕದ್ದಕ್ಕೆ ಕೆಲವರಿಗೆ ಸಿಟ್ಟೂ ಬರುತ್ತದೆ. ಆ ಸಿಟ್ಟು ಸಿನಿಮಾದ ಮೇಲೋ ತಮ್ಮ ಮೇಲೋ ಎಂದು ಕೇಳಿ ಸುಮ್ಮನಿದ್ದುಬಿಡಿ.

ಇನ್ನೊಂದು ದೀಪಸ್ತಂಭದ (ಲೈಟ್‌ಹೌಸ್) ದೃಶ್ಯ. ನನ್ನ ಮಟ್ಟಿಗೆ ಇಡೀ ಚಿತ್ರ ನಿಂತಿರುವುದು ಇಲ್ಲಿ, ಚರ್ಚೆಯ ಅರ್ಧ ಸಮಯ ಇದಕ್ಕೇ ಇಟ್ಟುಕೊಳ್ಳುತ್ತೇನೆ. ಆರು ಹುಡುಗಿಯರು ಒಟ್ಟಿಗೆ ಅಡಗಿಕೊಂಡು, ಅಡುಗೆ ಮಾಡಿಕೊಂಡು, ಗಾಯಗೊಂಡ ಶುಯಾನ ಆರೈಕೆಯನ್ನೂ ಮಾಡುತ್ತಿರುತ್ತಾರೆ. ಶುಯಾನ ಜೊತೆ ಸೆಣಸಾಡುವಾಗ ಇನ್ನೊಬ್ಬ ಹುಡುಗ ಸತ್ತದ್ದನ್ನು ಈ ಆರರಲ್ಲಿ ಒಬ್ಬಳಾದ ಯುಕೊ ಕಣ್ಣಾರೆ ಕಂಡಿದ್ದಾಳೆ. ಆ ಭಯದಲ್ಲಿ ಅವನ ಊಟಕ್ಕೆ ವಿಷ ಹಾಕುತ್ತಾಳೆ, ಅದನ್ನು ಗೆಳತಿಯೊಬ್ಬಳು ತಿಂದುಬಿಡುತ್ತಾಳೆ. ಅಲ್ಲಿಂದ ಮುಂದೆ ಕೆಲವೇ ಕ್ಷಣ. ಒಬ್ಬರ ಮೇಲೊಬ್ಬರಿಗೆ ಅನುಮಾನ, ಯಾರೋ ಬಂದೂಕು ಎತ್ತಿಕೊಳ್ಳುತ್ತಾರೆ, ಗುಂಡು ಹಾರುತ್ತದೆ. ವಿಷ ಹಾಕಿದ ಯುಕೊ ಒಬ್ಬಳೇ ಉಳಿದು, ಮೇಲಿಂದ ಹಾರಿ ಸಾಯುತ್ತಾಳೆ. ಈ ತುಣುಕನ್ನು ಚರ್ಚೆಯ ಮಧ್ಯೆ ಇನ್ನೊಮ್ಮೆ ಹಾಕಿ, ಈ ಸಲ ಶಬ್ದ ತೆಗೆದು. ಮೊದಲ ಸಲ ಗುಂಡುಗಳನ್ನು ಎಣಿಸಿದವರು ಎರಡನೇ ಸಲ ಯುಕೊಳ ಮುಖವನ್ನು ನೋಡುತ್ತಾರೆ.

ಫುಕಾಸಾಕು ಅವರ ಕಥೆ ಹೇಳುವುದು ಇದಾದ ಮೇಲೆ. 1930ರಲ್ಲಿ ಹುಟ್ಟಿದವರು. 1945ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಯುದ್ಧಸಾಮಗ್ರಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅದರ ಮೇಲೆ ದಾಳಿ ನಡೆದಾಗ ಬದುಕುಳಿದ ಹುಡುಗರೇ ಸತ್ತ ಸಹಪಾಠಿಗಳ ಹೆಣ ಎತ್ತಬೇಕಾಯಿತು. ದೊಡ್ಡವರ ಮೇಲಿನ ನಂಬಿಕೆ ಅಲ್ಲೇ ಹೋಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಜೊತೆಗೆ ಆ ಹೊತ್ತಿನ ಜಪಾನ್ ಹೇಗಿತ್ತು ಎಂಬುದನ್ನೂ ಸೇರಿಸಬೇಕು: 1997ರಲ್ಲಿ ಕೋಬೆಯಲ್ಲಿ 14ರ ಹುಡುಗನೊಬ್ಬ ಮಾಡಿದ ಕೊಲೆಗಳು, 2000ದಲ್ಲೇ ಶಿಕ್ಷೆಗೊಳಪಡುವ ವಯಸ್ಸನ್ನು 16ರಿಂದ 14ಕ್ಕೆ ಇಳಿಸಿದ ಬಾಲಾಪರಾಧ ಕಾನೂನಿನ ತಿದ್ದುಪಡಿ. ಚಿತ್ರದ ವಿರುದ್ಧ ಸಂಸತ್ತಿನಲ್ಲೇ ದನಿ ಎದ್ದಿತ್ತು. ಸಿಕ್ಕಿದ್ದು 15 ತುಂಬದವರಿಗೆ ಪ್ರವೇಶವಿಲ್ಲದ ಆರ್-15 ದರ್ಜೆ. ಅಂದರೆ ಪರದೆಯ ಮೇಲಿನ ತರಗತಿಯ ವಯಸ್ಸಿನ ಎಷ್ಟೋ ಮಕ್ಕಳಿಗೇ ಚಿತ್ರಮಂದಿರದ ಬಾಗಿಲು ಮುಚ್ಚಿತ್ತು.

ಇದನ್ನು ಕೇಳಿದ ಮೇಲೆ ವಿರೋಧಿಗಳೆಲ್ಲ ಒಪ್ಪಬೇಕೆಂದು ನಿರೀಕ್ಷಿಸಬೇಡಿ. ಅವರ ಒಂದು ಆಕ್ಷೇಪ ಗಟ್ಟಿಯಾದದ್ದು: ಕಿರಿಯಾಮಾ ಎಂಬ ಪಾತ್ರ ಇಡೀ ಚಿತ್ರದಲ್ಲಿ ಮಾತಾಡುವುದಿಲ್ಲ, ಕೊಲ್ಲುವುದೊಂದೇ ಅವನ ಕೆಲಸ. ಉಳಿದವರಿಗೆಲ್ಲ ಭಯ, ಪ್ರೀತಿ, ಹಳೆಯ ಸೇಡು ಇದ್ದು, ಇವನೊಬ್ಬನಿಗೆ ಏನೂ ಇಲ್ಲ. ಅವನು ಬಂದಾಗಲೆಲ್ಲ ಚಿತ್ರ ನಿಜಕ್ಕೂ ಬರೀ ಹೊಡೆದಾಟದ ಸಿನಿಮಾ ಆಗುತ್ತದೆ. ನಾನು ಈ ಚಿತ್ರದ ಪರವಾಗಿದ್ದೂ ಇದನ್ನು ಒಪ್ಪುತ್ತೇನೆ, ಚರ್ಚೆಯಲ್ಲೂ ಹಾಗೆಂದು ಹೇಳುತ್ತೇನೆ. ನಡೆಸುವವರು ಎದುರು ಪಾಲಿನ ಒಂದು ಮಾತನ್ನಾದರೂ ಮನಸಾರೆ ಒಪ್ಪದಿದ್ದರೆ ಆ ಕಡೆಯವರು ಬಾಯಿ ಕಟ್ಟಿ ಕೂರುತ್ತಾರೆ.

ಆಮೇಲೆ ಬಂದ ಸಾವಿನಾಟದ ಸಿನಿಮಾ, ಸರಣಿಗಳ ಜೊತೆ ಹೋಲಿಕೆ ಬಂದೇ ಬರುತ್ತದೆ. ಅದನ್ನು ಕೊನೆಯ ಹತ್ತು ನಿಮಿಷಕ್ಕೆ ತಳ್ಳಿ. ಮುಂಚೆ ಬಿಟ್ಟರೆ ಯಾರು ಯಾರನ್ನು ನಕಲು ಮಾಡಿದರು ಎಂಬಲ್ಲೇ ಗಂಟೆ ಕಳೆಯುತ್ತದೆ. ಹೊರಡುವ ಮುನ್ನ ಅವರವರ ಚೀಟಿ ವಾಪಸ್ ಕೊಟ್ಟು, ಹಿಂಬದಿಯಲ್ಲಿ ಅದೇ ಎರಡು ಪ್ರಶ್ನೆಗೆ ಮತ್ತೆ ಬರೆಸಿ. ಅಭಿಪ್ರಾಯ ಬದಲಾಗದವರೂ ಎಷ್ಟೋ ಸಲ ಬೇರೆ ದೃಶ್ಯದ ಹೆಸರು ಬರೆದಿರುತ್ತಾರೆ.