ಹೊಳೆ ಬಂದಾಗ ನಾವು ಆಡಿದ ಆಟಗಳು

ಹರಿಹರದಲ್ಲಿ ತುಂಗಭದ್ರೆ ಉಕ್ಕಿದರೆ ಮೊದಲು ನೀರು ಕಾಣುವುದು ಗಂಗಾನಗರದಂತಹ ತಗ್ಗಿನ ಓಣಿಗಳು. ಅಂಥದೇ ಒಂದು ಓಣಿಯಲ್ಲಿ, 1980ರ ದಶಕದಲ್ಲಿ, ನಾನು ಬೆಳೆದೆ. ಆಗ ನಮ್ಮ ಊರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ನಮ್ಮ ಕಡೆ ಮಳೆ ಅಷ್ಟಕ್ಕಷ್ಟೆ. ನೆರೆಯನ್ನು ತರುತ್ತಿದ್ದುದು ಶೃಂಗೇರಿ, ತೀರ್ಥಹಳ್ಳಿ ಸೀಮೆಯ ಮಳೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದಾದ್ದರಿಂದ ಬೇಗ ತುಂಬಿ ಹರಿಯುತ್ತದೆ. ಭದ್ರಾ ಜಲಾಶಯ 186 ಅಡಿಗೆ ಮುಟ್ಟಿತೆಂದರೆ ಅಲ್ಲಿಂದಲೂ ನೀರು ಬಿಡುತ್ತಾರೆ. ಎರಡೂ ಕೂಡಲಿಯಲ್ಲಿ ಸೇರಿ ನಮ್ಮತ್ತ ಬರುತ್ತವೆ. ಹೀಗಾಗಿ ತಲೆಯ ಮೇಲೆ ಎಳೆ ಬಿಸಿಲು ಇರುವಾಗಲೇ ಓಣಿಯ ಕೆಳತುದಿಗೆ ಕೆಂಪು ನೀರು ಬಂದು ನಿಂತಿರುತ್ತಿತ್ತು. ಹೊಳೆ ತುಂಬಿದಾಗ ಸೂಳೆಕೆರೆ ಹಳ್ಳದ ನೀರು ಮುಂದೆ ಸಾಗಲಾರದೆ ಹಿಂದಕ್ಕೆ ಒತ್ತುತ್ತಿತ್ತು. ಓಣಿಯ ಚರಂಡಿಯೂ ಹಾಗೆಯೇ ಹಿಮ್ಮುಖವಾಗಿ ಹರಿಯುವುದನ್ನು ನಾವು ಮಕ್ಕಳು ಬೆರಗಿನಿಂದ ನೋಡುತ್ತಿದ್ದೆವು.

ನಮ್ಮ ಮೊದಲ ಆಟ ಆ ನೀರನ್ನು ಅಳೆಯುವುದೇ ಆಗಿತ್ತು. ಸಂಜೆ ನೀರಿನ ಅಂಚಿನಲ್ಲಿ ಗೇಣುದ್ದದ ಬೇವಿನ ಕಡ್ಡಿಯನ್ನು ನೆಟ್ಟು, ಬೆಳಗಾಗುವುದರೊಳಗೆ ನೀರು ಎಲ್ಲಿಯವರೆಗೆ ಬರುತ್ತದೆಂದು ಗೋಲಿಗಳನ್ನು ಪಣವಿಡುತ್ತಿದ್ದೆವು. ಇಳಿಜಾರು ಕಡಿಮೆ ಇದ್ದ ಕಡೆ ನೀರು ನಾಲ್ಕು ಬೆರಳು ಏರಿದರೂ ಹತ್ತು ಹೆಜ್ಜೆ ನೆಲವನ್ನು ನುಂಗುತ್ತದೆ ಎಂಬುದನ್ನು ಬಹಳ ಗೋಲಿಗಳನ್ನು ಕಳೆದುಕೊಂಡ ಮೇಲೆ ಕಲಿತೆ. ಆಮೇಲೆ ಕಡ್ಡಿಗೆ ಬೆರಳಗಲಕ್ಕೊಂದರಂತೆ ಕಚ್ಚು ಹಾಕಿ, ಏರಿಕೆಯನ್ನು ಬೇರೆ, ಹರಡಿಕೆಯನ್ನು ಬೇರೆ ಎಣಿಸತೊಡಗಿದೆ. ದೊಡ್ಡ ಅಳತೆಗೆ 1868ರಲ್ಲಿ ಕಟ್ಟಿದ, 14 ಕಮಾನುಗಳ ಹಳೆಯ ಸೇತುವೆ ಇತ್ತು. ಕಮಾನಿನ ಬಾಯಿ ಎಷ್ಟು ಉಳಿದಿದೆ ಎಂದು ದೂರದಿಂದ ನೋಡಿ ಬಂದು ಹೇಳುವುದು ನಮ್ಮ ಪಾಲಿನ ಹೆಮ್ಮೆಯ ಕೆಲಸವಾಗಿತ್ತು, ಏಕೆಂದರೆ ಆ ಮಾತನ್ನು ದೊಡ್ಡವರೂ ಕಿವಿಗೊಟ್ಟು ಕೇಳುತ್ತಿದ್ದರು.

ದೋಣಿಗಳಿಗೆ ನಾವು ಕಾಗದವನ್ನು ನೆಚ್ಚುತ್ತಿರಲಿಲ್ಲ, ಅದು ಬೇಗ ನೆನೆದು ಮುಳುಗುತ್ತದೆ. ಬಣವೆಯಿಂದ ಒಣಗಿದ ಜೋಳದ ದಂಟು ತಂದು, ಮೇಲಿನ ಗಟ್ಟಿ ಸಿಪ್ಪೆಯನ್ನು ಉದ್ದುದ್ದವಾಗಿ ಸುಲಿದು, ಒಳಗಿನ ಬೆಂಡನ್ನು ನಾಲ್ಕು ಬೆರಳುದ್ದಕ್ಕೆ ತುಂಡರಿಸುತ್ತಿದ್ದೆವು. ಸುಲಿದ ಸಿಪ್ಪೆಯನ್ನೇ ಸೂಜಿಯಂತೆ ಸೀಳಿ, ಐದಾರು ಬೆಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಎರಡು ಕಡೆ ಅಡ್ಡಲಾಗಿ ಪೋಣಿಸಿದರೆ ತೆಪ್ಪ ಸಿದ್ಧ. ಸುಲಿಯುವಾಗ ಅವಸರ ಮಾಡಿದರೆ ಸಿಪ್ಪೆ ಬೆರಳನ್ನು ಬ್ಲೇಡಿನಂತೆ ಕುಯ್ಯುತ್ತದೆ. ತೆಪ್ಪದ ಮೇಲೆ ಮಣ್ಣಿನ ಎತ್ತನ್ನು ಕೂರಿಸಿ ತೇಲಿಬಿಡುವುದು ನಮಗೆ ಎಲ್ಲಕ್ಕಿಂತ ದೊಡ್ಡ ಸಾಹಸ.

ಮಣ್ಣೆತ್ತಿನ ಅಮಾವಾಸ್ಯೆ ಹೊಳೆ ಏರುವ ದಿನಗಳ ಹೊಸ್ತಿಲಿನಲ್ಲೇ ಬರುವುದರಿಂದ ಎತ್ತುಗಳಿಗೆ ಕೊರತೆ ಇರುತ್ತಿರಲಿಲ್ಲ. ಅವುಗಳಿಗೆ ಬೇಕಾದ ಜಿಗುಟು ಮಣ್ಣು ಹಿಂದಿನ ವರ್ಷದ ನೆರೆ ಬಿಟ್ಟುಹೋದ ಪದರದಲ್ಲಿ ಸಿಗುತ್ತಿತ್ತು. ಮರಳು ಬೆರೆತ ಮಣ್ಣಿನಲ್ಲಿ ಕೊಂಬು ನಿಲ್ಲುವುದಿಲ್ಲ. ಅಜ್ಜಿ ಹಳೆಯ ಹಾಸಿಗೆಯ ಹತ್ತಿಯನ್ನು ಹಿಂಜಿ ಮಣ್ಣಿಗೆ ಸೇರಿಸಿ ನಾದಿಕೊಡುತ್ತಿದ್ದಳು. ಹಾಗೆ ಮಾಡಿದ ಎತ್ತು ಒಣಗಿದರೂ ಬಿರುಕು ಬಿಡುತ್ತಿರಲಿಲ್ಲ. ಕಣ್ಣಿಗೆ ಜೋಳದ ಕಾಳು ಒತ್ತುತ್ತಿದ್ದೆವು.

ಒಂದು ವರ್ಷ ಹೀಗೆ ತೆಪ್ಪದ ಬೆನ್ನು ಹತ್ತಿದ ನನ್ನ ಗೆಳೆಯ ನೀರಿನ ಅಡಿಯಲ್ಲಿ ಮರೆಯಾಗಿದ್ದ ಚರಂಡಿಗೆ ಜಾರಿದ. ಎದೆಮಟ್ಟ ಇಳಿದವನನ್ನು ನಾವು ಇಬ್ಬರು ತೋಳು ಹಿಡಿದು ಎಳೆದೆವು. ಮನೆಗೆ ಬಂದಾಗ ಅಜ್ಜಿ ಬೈಯಲಿಲ್ಲ. "ತಳ ಕಾಣದ ನೀರಿಗೆ ಕೋಲು ಊರದೆ ಕಾಲಿಡಬ್ಯಾಡ್ರಪ್ಪ," ಎಂದಷ್ಟೇ ಹೇಳಿ, ಮರುದಿನ ಪ್ರತಿಯೊಬ್ಬರ ಕೈಗೂ ಒಂದೊಂದು ಬಿದಿರಿನ ಕೋಲು ಕೊಟ್ಟಳು. ಅಂದಿನಿಂದ ಕೋಲು ನಮ್ಮ ಆಟದ ಭಾಗವಾಯಿತು: ಮುಂದಿನವನು ಊರಿ ನೋಡಿ "ಗಟ್ಟಿ" ಎಂದು ಕೂಗಿದ ಮೇಲೆಯೇ ಹಿಂದಿನವರು ಹೆಜ್ಜೆ ಇಡಬೇಕು. ಆ ಶಿಸ್ತು ನಮ್ಮನ್ನು ಕಾಪಾಡಿತು ಎಂದು ನಾನು ಇಂದಿಗೂ ನಂಬಿದ್ದೇನೆ.

ನೀರು ಹೊಸ್ತಿಲು ದಾಟಿದ ವರ್ಷಗಳಲ್ಲಿ ಶಾಲೆಯ ಗಂಜಿ ಕೇಂದ್ರದಲ್ಲಿ ಮಲಗಿದ್ದೇವೆ. ನೆನೆದ ಜೋಳವನ್ನು ಅಮ್ಮ ಮತ್ತೆ ಮತ್ತೆ ಒಣಹಾಕುತ್ತ ಕಣ್ಣೊರೆಸಿಕೊಳ್ಳುತ್ತಿದ್ದುದು ಆಗ ನನಗೆ ಕಾಣಲಿಲ್ಲ. ನಮಗೆ ಕಾಣುತ್ತಿದ್ದುದು ನೀರು ಇಳಿದ ಮೇಲೆ ಓಣಿಯ ತುಂಬ ಹಾಸಿದ ನುಣ್ಣನೆಯ ರೇವೆ. ಅದು ಕಾಲಿಗೆ ಅಂಟದಷ್ಟು ಆರಲು ಎರಡು ದಿನ ಕಾಯಬೇಕು. ಆಮೇಲೆ ಮೊನಚಾದ ಕಬ್ಬಿಣದ ಸಲಾಕೆಯನ್ನು ಎಸೆದು ನೆಲಕ್ಕೆ ನೆಡುತ್ತ ಮುಂದೆ ಹೋಗುವ ಆಟ ಶುರು. ಸಲಾಕೆ ಬಿದ್ದಲ್ಲಿ ಆಟ ಮುಗಿಯುತ್ತದೆ, ಸೋತವನು ಅಲ್ಲಿಂದ ಕುಂಟುತ್ತ ಹಿಂದಿರುಗಬೇಕು. ಒಣನೆಲದಲ್ಲಿ ಆ ಆಟವೇ ಇಲ್ಲ.

2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೆ ದೊಡ್ಡದಾಗಿ ಬಂದಾಗ ನಾನು ಅಕ್ಕನ ಮನೆಯಲ್ಲಿದ್ದೆ. ಅವಳ ಮಗನನ್ನು ಕರೆದುಕೊಂಡು ಓಣಿಯ ತುದಿಗೆ ಹೋಗಿ, ಕಚ್ಚು ಹಾಕಿದ ಬೇವಿನ ಕಡ್ಡಿಯನ್ನು ಅವನ ಕೈಯಿಂದಲೇ ನೆಡಿಸಿದೆ. ರಾತ್ರಿ ಟಾರ್ಚ್ ಹಿಡಿದು ನೋಡಿ ಬಂದವನು, "ಮಾಮ, ಮೂರು ಕಚ್ಚು ಮುಳುಗ್ಯಾವು," ಎಂದ. ನಾವು ಮೊದಲು ಅಕ್ಕಿ ಮತ್ತು ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸಿದೆವು.