ಮಂಡ್ಯ ಸಿಗುತ್ತೆ, ಮೈಸೂರು ಸಿಗಲ್ಲ: ಕರ್ಲ್ ಹಿಡಿದು ಎಪಿಐ ತಪ್ಪು ಹುಡುಕಿದ್ದು

ಎಪಿಐ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳುವ ಬಾಗಿಲು, ಕೈಕೊಟ್ಟಿದೆ ಅಂತ ಯಾರೇ ದೂರು ತಂದರೂ ನಾನು ಮೊದಲು ಕೇಳುವುದು ಕರ್ಲ್ ಕಮಾಂಡನ್ನು. ಟರ್ಮಿನಲ್ಲಿನಿಂದಲೇ ಸರ್ವರಿಗೆ ರಿಕ್ವೆಸ್ಟ್ ಕಳಿಸಿ ಉತ್ತರ ತೋರಿಸುವ ಸಾಧನ ಕರ್ಲ್. ಸ್ಕ್ರೀನ್‌ಶಾಟ್ ನೋಡಿ ಊಹೆ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ. ಕಮಾಂಡ್ ಇದ್ದರೆ ಅವರ ಕಂಪ್ಯೂಟರಿನಲ್ಲಿ ಆದದ್ದು ನನ್ನದರಲ್ಲೂ ಆಗುತ್ತದೋ ಇಲ್ಲವೋ ಆಗಲೇ ಗೊತ್ತಾಗುತ್ತದೆ. ಪರದೆಯ ಕಡೆಯ ಕೆಲಸ ಮಾಡುವ ಫ್ರಂಟೆಂಡಿನವರಿಗೆ ಅದನ್ನು ಕೈಯಾರೆ ಬರೆಯುವ ಕಷ್ಟವೂ ಇಲ್ಲ. ಕ್ರೋಮ್ ಅಥವಾ ಫೈರ್‌ಫಾಕ್ಸ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ಆ ರಿಕ್ವೆಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ 'ಕಾಪಿ ಆ್ಯಸ್ ಕರ್ಲ್' ಒತ್ತಿದರೆ ಸಾಕು. ಒಂದೇ ಎಚ್ಚರಿಕೆ: ಅದರಲ್ಲಿ ಕುಕಿ, ಟೋಕನ್ ಎಲ್ಲ ಇರುತ್ತವೆ. ಅವನ್ನು ಅಳಿಸದೆ ಆಫೀಸಿನ ಗ್ರೂಪಿಗೆ ಹಾಕುವುದೂ ಮನೆ ಬೀಗದ ಕೈಯನ್ನು ನೋಟಿಸ್ ಬೋರ್ಡಿಗೆ ನೇತುಹಾಕುವುದೂ ಒಂದೇ.

ಕರ್ಲ್ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರದ್ದು. ಈ ಹೆಸರಿನಲ್ಲಿ ಮೊದಲು ಹೊರಬಂದದ್ದು 1998ರ ಮಾರ್ಚಿನಲ್ಲಿ. ಲಿನಕ್ಸ್, ಮ್ಯಾಕ್ ಬಿಡಿ, 2018ರಿಂದ ವಿಂಡೋಸ್ 10ರ ಜೊತೆಗೂ ಬರುತ್ತಿದೆ. ಆದರೆ ವಿಂಡೋಸಿನ ಹಳೆಯ ಪವರ್‌ಶೆಲ್‌ನಲ್ಲಿ ಬರೀ 'ಕರ್ಲ್' ಅಂತ ಹೊಡೆದರೆ ಬೇರೆಯೇ ಕಮಾಂಡ್ ಓಡುತ್ತದೆ. ಅಲ್ಲಿ ಕೊನೆಗೆ 'ಡಾಟ್ ಇಎಕ್ಸ್‌ಇ' ಸೇರಿಸಿ.

ಬ್ರೌಸರಿನಿಂದ ಬಂದ ಕಮಾಂಡ್ ಮಾರುದ್ದ ಇರುತ್ತದೆ. ಅದರ ಹೆಡರ್‌ಗಳನ್ನು, ಅಂದರೆ ರಿಕ್ವೆಸ್ಟಿನ ಜೊತೆ ಹೋಗುವ ವಿವರಗಳನ್ನು, ಒಂದೊಂದಾಗಿ ತೆಗೆಯುತ್ತಾ ಮತ್ತೆ ಮತ್ತೆ ಓಡಿಸುತ್ತೇನೆ. ಯಾವುದನ್ನು ತೆಗೆದಾಗ ತಪ್ಪು ಮಾಯವಾಗುತ್ತದೋ ಗಂಟು ಅಲ್ಲೇ ಇದೆ. ಕೊನೆಗೆ ಒಂದೆರಡು ಸಾಲಿಗೆ ಇಳಿದ ಮೇಲೆ '-ವಿ' ಹಾಕುತ್ತೇನೆ. ಆಗ ನಕ್ಷತ್ರ ಗುರುತಿನ ಸಾಲುಗಳಲ್ಲಿ ಸಂಪರ್ಕದ ವಿವರ, ಬಲಕ್ಕೆ ತಿರುಗಿದ ಬಾಣದ ಮುಂದೆ ನಾವು ಕಳಿಸಿದ್ದು, ಎಡಕ್ಕೆ ತಿರುಗಿದ್ದರ ಮುಂದೆ ಸರ್ವರ್ ಹೇಳಿದ್ದು ಕಾಣುತ್ತದೆ. ಸರ್ವರ್ ಮಾತೇ ಆಡದಿದ್ದರೆ ಕರ್ಲ್ ಮುಗಿಯುವಾಗ ಕೊಡುವ ಅಂಕಿ, ಅಂದರೆ ಎಕ್ಸಿಟ್ ಕೋಡ್, ನೋಡಬೇಕು. 6 ಬಂದರೆ ಹೆಸರಿಗೆ ಐಪಿ ವಿಳಾಸ ಸಿಕ್ಕಿಲ್ಲ, 7 ಅಂದರೆ ವಿಳಾಸ ಸಿಕ್ಕರೂ ಸಂಪರ್ಕ ಆಗಿಲ್ಲ, 28 ಅಂದರೆ ಸಮಯ ಮೀರಿದೆ, 60 ಅಂದರೆ ಸರ್ವರಿನ ಗುರುತು ಸಾರುವ ಸರ್ಟಿಫಿಕೇಟನ್ನು ಕರ್ಲ್ ನಂಬುತ್ತಿಲ್ಲ. 60 ಕಂಡ ಕೂಡಲೇ '-ಕೆ' ಹಾಕಿ ತಪಾಸಣೆಯನ್ನೇ ಆಫ್ ಮಾಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹಾಗೆ ಮಾಡಿದರೆ ಯಾವ ಸರ್ಟಿಫಿಕೇಟ್ ಕೆಟ್ಟಿದೆ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

'ಎಪಿಐ ಸ್ಲೋ' ಅನ್ನುವ ದೂರಿಗೆ '-ಡಬ್ಲ್ಯೂ' ಇದೆ. ಹೆಸರು ಹುಡುಕಲು, ಸಂಪರ್ಕಕ್ಕೆ, ಅದನ್ನು ಗುಟ್ಟಾಗಿಸುವ ಟಿಎಲ್‌ಎಸ್‌ಗೆ, ಮೊದಲ ಬೈಟ್ ಬರಲು ಎಷ್ಟು ಹೊತ್ತಾಯಿತು ಎಂದು ಬೇರೆ ಬೇರೆಯಾಗಿ ಹೇಳಿಸಬಹುದು. ಈ ಅಂಕಿಗಳೆಲ್ಲ ಆರಂಭದಿಂದ ಲೆಕ್ಕ ಹಾಕಿದವು. ಆದ್ದರಿಂದ ಒಂದರಿಂದ ಅದರ ಹಿಂದಿನದನ್ನು ಕಳೆದರೇ ಆ ಹಂತಕ್ಕೆ ಹಿಡಿದ ಸಮಯ ಸಿಗುವುದು. ಟಿಎಲ್‌ಎಸ್ ಮುಗಿದ ಮೇಲೆ ಮೊದಲ ಬೈಟಿಗೆ ಎರಡು ಸೆಕೆಂಡ್ ಕಾದಿದ್ದರೆ ನೆಟ್‌ವರ್ಕಿನವರನ್ನು ಎಬ್ಬಿಸಿ ಪ್ರಯೋಜನವಿಲ್ಲ, ಡೇಟಾಬೇಸ್ ಕ್ವೆರಿ ನೋಡಬೇಕು.

ಇದೆಲ್ಲ ದಿನನಿತ್ಯದ್ದು. ಕರ್ಲ್ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ ಅನ್ನಿಸುವ ಪ್ರಕರಣ ಒಂದಿದೆ. ಊರಿನ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ ತಾಲ್ಲೂಕು, ಪಿನ್‌ಕೋಡ್ ಹೇಳುವ ಒಂದು ಎಪಿಐ ನಮ್ಮ ಕೈಗೆ ಬಂದಿತ್ತು. ಮಂಡ್ಯ, ಹಾಸನ, ತುಮಕೂರು ಸಿಗುತ್ತಿದ್ದವು. ಮೈಸೂರು, ಕೋಲಾರ, ಬೀದರ್ ಕೇಳಿದರೆ 200 (ಅಂದರೆ 'ಎಲ್ಲ ಸರಿ') ಜೊತೆಗೆ ಖಾಲಿ ಪಟ್ಟಿ. ಡೇಟಾಬೇಸ್ ತೆರೆದರೆ ಮೈಸೂರು ಕಣ್ಣೆದುರಿಗೇ ಇದೆ! ಕನ್ನಡ ಎನ್‌ಕೋಡಿಂಗ್ ಕೆಟ್ಟಿದೆ ಅಂತ ಒಬ್ಬರು, ಕ್ಯಾಶ್, ಅಂದರೆ ಮೊದಲೇ ಉಳಿಸಿಟ್ಟ ಉತ್ತರ, ಹಳತಾಗಿದೆ ಅಂತ ಇನ್ನೊಬ್ಬರು. ಎನ್‌ಕೋಡಿಂಗ್ ಕೆಟ್ಟಿದ್ದರೆ ಮಂಡ್ಯವೂ ಸಿಗಬಾರದಿತ್ತಲ್ಲ?

ಮೊದಲು ಕೇಳುವ ಕಡೆಯನ್ನು ನೋಡಿದೆ. ದೊಡ್ಡಕ್ಷರದ '-ಜಿ' ಜೊತೆಗೆ '--ಡೇಟಾ-ಯುಆರ್‌ಎಲ್‌ಎನ್‌ಕೋಡ್' ಕೊಟ್ಟರೆ ಕನ್ನಡ ಪದವನ್ನು ಹಾಗೇ ಟೈಪ್ ಮಾಡಬಹುದು, ಕರ್ಲ್ ಅದನ್ನು ಪ್ರತಿ ಬೈಟಿಗೂ ಒಂದು % ಗುರುತು ಹಾಕುವ ಪರ್ಸೆಂಟ್ ರೂಪಕ್ಕೆ ತಿರುಗಿಸಿ ಯುಆರ್‌ಎಲ್‌ಗೆ ಸೇರಿಸುತ್ತದೆ. '-ವಿ' ಇದ್ದದ್ದರಿಂದ ಕೋಲಾರದ 'ಕೋ' ಹೋದ ರೂಪ ಕಾಣಿಸಿತು: %ಇ0%ಬಿ2%95%ಇ0%ಬಿ3%8ಬಿ. ಕಕಾರಕ್ಕೆ ಮೂರು ಬೈಟ್, ಓತ್ವಕ್ಕೆ ಮೂರು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಹಾಗಾಗಿ ಇದು ಸರಿ.

ಆಮೇಲೆ ಎಲ್ಲ ಊರುಗಳ ಪಟ್ಟಿ ಕೊಡುವ ಎಂಡ್‌ಪಾಯಿಂಟಿನಿಂದ ಉತ್ತರ ತರಿಸಿ, ಅದನ್ನು ಜೇಸನ್ ಡೇಟಾ ಸೋಸುವ ಜೆಕ್ಯೂ ಎಂಬ ಸಾಧನಕ್ಕೆ ಪೈಪ್ ಮಾಡಿ, ಹೆಸರುಗಳನ್ನೂ ಅದೇ ಪರ್ಸೆಂಟ್ ರೂಪದಲ್ಲಿ ಬರೆಸಿದೆ. ಜೆಕ್ಯೂನಲ್ಲಿ ಅದಕ್ಕೆಂದೇ 'ಯುಆರ್‌ಐ' ಅನ್ನುವ ಫಾರ್ಮ್ಯಾಟ್ ಇದೆ. ಅಲ್ಲಿನ 'ಕೋ' ಹೀಗಿತ್ತು: %ಇ0%ಬಿ2%95%ಇ0%ಬಿ3%86%ಇ0%ಬಿ3%82%ಇ0%ಬಿ3%95. ಓತ್ವ ಒಂದು ಸಂಕೇತವಾಗಿ ಬರುವ ಬದಲು ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಚೂರಾಗಿ ಕೂತಿದೆ. ಪರದೆಯ ಮೇಲೆ ಎರಡೂ ಒಂದೇ, ಬೈಟ್ ಲೆಕ್ಕದಲ್ಲಿ ಎರಡೂ ಬೇರೆ.

ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪ್ರಕಾರ ಎರಡೂ ಸರಿಯೇ. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ ಅನ್ನುತ್ತಾರೆ, ಬಿಡಿಸಿದ್ದಕ್ಕೆ ಎನ್‌ಎಫ್‌ಡಿ. ಕನ್ನಡದಲ್ಲಿ ಹೀಗೆ ಬಿಡಿಸಲು ಬರುವುದು ೀ, ೇ, ೈ, ೊ, ೋ ಈ ಐದು ಮಾತ್ರ. ಮಂಡ್ಯ, ಹಾಸನ, ತುಮಕೂರಿನಲ್ಲಿ ಇವು ಯಾವುವೂ ಇಲ್ಲ. ಮೈಸೂರಿನಲ್ಲಿ ಐತ್ವ, ಬೀದರಿನಲ್ಲಿ ಗುಡಿಸಿನ ದೀರ್ಘ! ಸಿಗುವ ಊರು, ಸಿಗದ ಊರುಗಳ ಪಟ್ಟಿ ಕೂದಲೆಳೆಯಷ್ಟೂ ತಪ್ಪದೆ ಹೊಂದಿಕೊಂಡಿತು.

ಎನ್‌ಎಫ್‌ಡಿ ಬಂದದ್ದು ಎಲ್ಲಿಂದ ಅಂದರೆ, ಡೇಟಾ ತುಂಬಿಸಿದವರು ಊರಿನ ಹೆಸರುಗಳನ್ನು ಫೈಲ್ ಹೆಸರುಗಳಿಂದ ಎತ್ತಿದ್ದರು, ಫೈಲುಗಳು ಇದ್ದದ್ದು ಹಳೆಯ ಮ್ಯಾಕ್ ಡಿಸ್ಕಿನಲ್ಲಿ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ 13ನೇ ಆವೃತ್ತಿಯಿಂದ ಈಚೆಗೆ 'ನಾರ್ಮಲೈಜ್' ಫಂಕ್ಷನ್ ಇದೆ, ಒಳಗಿನ ಹೆಸರುಗಳನ್ನೆಲ್ಲ ಅದರಿಂದ ಎನ್‌ಎಫ್‌ಸಿಗೆ ತಂದೆವು. ಹೊರಗಿನಿಂದ ಬರುವ ಹುಡುಕಾಟದ ಪದಕ್ಕೂ ಅದೇ ಸಂಸ್ಕಾರ.

ಇದೇ ನೆಪದಲ್ಲಿ ಇನ್ನೊಂದು ಸಿಕ್ಕಿಬಿತ್ತು. 'ರಾಜ್‌ಕುಮಾರ್ ರಸ್ತೆ' ಎಂದು ಬರೆಯುವಾಗ ಜಕಾರದ ಕೆಳಗೆ ಒತ್ತು ಬಾರದಿರಲೆಂದು ನಡುವೆ ಕಾಣದ ಒಂದು ಸಂಕೇತ ಹಾಕುತ್ತೇವೆ, ಜೆಡ್‌ಡಬ್ಲ್ಯೂಎನ್‌ಜೆ. ಕರ್ಲ್ ಔಟ್‌ಪುಟ್‌ನಲ್ಲಿ ಅದು %ಇ2%80%8ಸಿ ಎಂದು ಕಾಣುತ್ತದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ, ಹುಡುಕಾಟದ ಇಂಡೆಕ್ಸಿಗೆ ಹಾಕುವ ಮುನ್ನ ನಾವೇ ತೆಗೆಯಬೇಕು. ಕನ್ನಡ ಹುಡುಕಾಟ ಕಟ್ಟುವವರು ಇದೊಂದನ್ನಾದರೂ ಮೊದಲೇ ನೋಡಿಕೊಳ್ಳಿ.

ಹೊಸಬರನ್ನು ಕಾಡುವ ಸಣ್ಣ ಸಂಗತಿಗಳು ಎರಡಿವೆ. '-ಡಿ' ಕೊಟ್ಟು ಜೇಸನ್ ಕಳಿಸಿದರೂ ಕರ್ಲ್ ಅದನ್ನು ಫಾರ್ಮ್ ಎಂದೇ ಹೆಡರಿನಲ್ಲಿ ಬರೆಯುತ್ತದೆ, ಅನೇಕ ಸರ್ವರ್‌ಗಳು 415, ಅಂದರೆ 'ಈ ಬಗೆಯ ಡೇಟಾ ಬೇಡ', ಅನ್ನುತ್ತವೆ. 2022ರಲ್ಲಿ ಬಂದ 7.82.0 ಆವೃತ್ತಿಯಿಂದ '--ಜೇಸನ್' ಇದೆ, ಅದನ್ನೇ ಬಳಸಿ. ಎರಡನೆಯದು, ದೊಡ್ಡಕ್ಷರದ '-ಎಲ್' ಹಾಕಿ ಪೋಸ್ಟ್ ಮಾಡಿದಾಗ, ಅಂದರೆ ಡೇಟಾ ಕಳಿಸಿದಾಗ, ದಾರಿಯಲ್ಲಿ 'ಬೇರೆ ವಿಳಾಸಕ್ಕೆ ಹೋಗು' ಅನ್ನುವ 301 ಅಥವಾ 302 ಎದುರಾದರೆ ಕರ್ಲ್ ಮುಂದಿನ ರಿಕ್ವೆಸ್ಟನ್ನು ಗೆಟ್, ಅಂದರೆ ಬರೀ ಕೇಳುವ ರಿಕ್ವೆಸ್ಟ್, ಮಾಡಿಬಿಡುತ್ತದೆ. ಬ್ರೌಸರುಗಳೂ ಹಾಗೇ. ಪೋಸ್ಟ್ ಪೋಸ್ಟಾಗಿಯೇ ಉಳಿಯಬೇಕಿದ್ದರೆ ಸರ್ವರ್ 307 ಅಥವಾ 308 ಕೊಡಬೇಕು. ದೊಡ್ಡಕ್ಷರದ '-ಎಕ್ಸ್ ಪೋಸ್ಟ್' ಎಂದು ಒತ್ತಾಯಿಸಿದರೆ ಕರ್ಲ್ ಎಲ್ಲ ತಿರುವಿನಲ್ಲೂ ಪೋಸ್ಟನ್ನೇ ಹೊಡೆಯುತ್ತದೆ. ಆಗ ಟರ್ಮಿನಲ್ಲಿನಲ್ಲಿ ಎಲ್ಲ ಸರಿ, ಆ್ಯಪ್‌ನಲ್ಲಿ ಮಾತ್ರ ತಪ್ಪು ಅನ್ನುವ ಗೊಂದಲ ಶುರು.

ಒಮ್ಮೆ ಹಿಡಿದ ತಪ್ಪು ಮತ್ತೆ ನುಸುಳದಿರಲು ನಾವು ಹರ್ಲ್ ಎಂಬ ಟೆಸ್ಟ್ ಸಾಧನ ಬಳಸುತ್ತೇವೆ. ಫ್ರಾನ್ಸಿನ ಟೆಲಿಕಾಂ ಕಂಪನಿ ಆರೆಂಜ್ ಹೊರತಂದದ್ದು, ರಸ್ಟ್‌ನಲ್ಲಿ ಬರೆದದ್ದು, ಒಳಗೆ ಓಡುವುದು ಕರ್ಲ್‌ನ ಲೈಬ್ರರಿಯೇ. ಸಾದಾ ಟೆಕ್ಸ್ಟ್ ಫೈಲಿನಲ್ಲಿ ರಿಕ್ವೆಸ್ಟ್, ಕೆಳಗೆ ಬರಬೇಕಾದ ಉತ್ತರ, ಅಷ್ಟೇ. ನಮ್ಮ ಫೈಲಿನಲ್ಲಿ ಕೋಲಾರವನ್ನು ಎನ್‌ಎಫ್‌ಸಿಯಲ್ಲಿ ಒಮ್ಮೆ, ಎನ್‌ಎಫ್‌ಡಿಯಲ್ಲಿ ಒಮ್ಮೆ, ರಾಜ್‌ಕುಮಾರ್ ರಸ್ತೆಯನ್ನು ಆ ಕಾಣದ ಸಂಕೇತದ ಸಮೇತ ಒಮ್ಮೆ, ಇಲ್ಲದೆ ಒಮ್ಮೆ ಕೇಳುತ್ತೇವೆ. ಪದಗಳನ್ನು ಕನ್ನಡದಲ್ಲಿ ಬರೆಯದೆ ಪರ್ಸೆಂಟ್ ರೂಪದಲ್ಲೇ ಇಟ್ಟಿದ್ದೇವೆ, ಯಾವುದೋ ಎಡಿಟರ್ ಸೇವ್ ಮಾಡುವಾಗ ಸದ್ದಿಲ್ಲದೆ ಕೂಡಿಸಿಬಿಟ್ಟರೆ ಟೆಸ್ಟಿಗೆ ಅರ್ಥವೇ ಉಳಿಯುವುದಿಲ್ಲ.