ಪೆನ್ಸಿಲ್ವೇನಿಯಾದ ಬಾಕ್ಸ್‌ಕಾರಿಗೆ ಸಾಗರದ ಕೆಮ್ಮಣ್ಣು

ಸ್ಟೀಮ್ ಕಾಲದ ಗೂಡ್ಸ್ ಗಾಡಿಯ ಮಾಡೆಲಿಗೆ ತುಕ್ಕು, ಧೂಳು, ಮಸಿ ಹಿಡಿಸಬೇಕೆಂದರೆ ಅಂಗಡಿಯ ವೆದರಿಂಗ್ ಪುಡಿಯೇ ಆಗಬೇಕು, ಊರ ಮಣ್ಣು ನಡೆಯುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. "ಎಚ್‌ಒ ಸ್ಕೇಲಿನಲ್ಲಿ ನಿನ್ನ ಮಣ್ಣಿನ ಒಂದೊಂದು ಕಣವೂ ಜಲ್ಲಿಕಲ್ಲಾಗಿ ಕಾಣುತ್ತದೆ" ಎಂದು ಪಿಟ್ಸ್‌ಬರ್ಗ್ ಮಾಡೆಲ್ ರೈಲು ಕ್ಲಬ್ಬಿನ ಹಿರಿಯರೊಬ್ಬರು ಬರೆದರು. ಎಚ್‌ಒ ಅಂದರೆ ಎಲ್ಲವೂ ನಿಜದ 87ನೇ ಒಂದು ಭಾಗದಷ್ಟು. ಬೆಂಗಳೂರಿನ ಗೆಳೆಯರದೂ ಅದೇ ರಾಗ. ಇವತ್ತು ನನ್ನ ಶೆಲ್ಫಿನಲ್ಲಿ ಇಪ್ಪತ್ತೈದು ಮೂವತ್ತು ಗಾಡಿಗಳಿವೆ, ಎಲ್ಲದರ ಮೈಮೇಲೂ ಕೆಮ್ಮಣ್ಣೇ. ಫೋಟೋ ಕಳಿಸಿದ ಮೇಲೆ ಅದೇ ಹಿರಿಯರು, ಇದು ಯಾವ ಕಂಪನಿಯ ಪುಡಿ ಎಂದು ಕೇಳಿದ್ದಾರೆ. ಅವರಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ.

ನನ್ನ ಮಾಡೆಲುಗಳು ತೋರಿಸುವುದು ಅಮೆರಿಕದ ಪೆನ್ಸಿಲ್ವೇನಿಯಾ ರೈಲ್‌ರೋಡ್, ಪಿಟ್ಸ್‌ಬರ್ಗ್ ಸುತ್ತಮುತ್ತ, 1950ರ ಶರತ್ಕಾಲ. ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದೆ. ರಜೆ ಸಿಕ್ಕರೆ ಆಲ್ಟೂನಾ ಹತ್ತಿರದ ಹಾರ್ಸ್‌ಶೂ ಕರ್ವ್ ಎಂಬ ರೈಲು ತಿರುವಿಗೋ ಸ್ಟ್ರಾಸ್‌ಬರ್ಗಿನ ರೈಲು ಮ್ಯೂಸಿಯಮ್ಮಿಗೋ ಹೋಗುತ್ತಿದ್ದೆ. ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರಕ್ಕೆ ಮರಳುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಕಿಟ್‌ಗಳೇ ಹೆಚ್ಚಿದ್ದವು. ಎಲ್ಲರಿಗೂ ಎಂಜಿನ್ನಿನ ಮೇಲೇ ಕಣ್ಣು. ಆದರೆ ಒಂದು ಎಂಜಿನ್ ಹಿಂದೆ ಎಪ್ಪತ್ತು ಎಂಬತ್ತು ಗಾಡಿ ಸಾಗುತ್ತಿದ್ದವು, ಅವೂ ಒಂದೇ ಕಂಪನಿಯವಲ್ಲ. ಅಮೆರಿಕದ ರೈಲ್‌ರೋಡುಗಳು ಒಬ್ಬರ ಗಾಡಿಯನ್ನು ಇನ್ನೊಬ್ಬರ ಹಳಿಗೆ ಬಿಟ್ಟುಕೊಳ್ಳುತ್ತಿದ್ದವು. ಸಾಂಟಾ ಫೆ ಕಂಪನಿಯ ಬಾಕ್ಸ್‌ಕಾರ್ (ಎಲ್ಲ ಕಡೆ ಮುಚ್ಚಿದ ಗೂಡ್ಸ್ ಡಬ್ಬಿ), ಸದರ್ನ್ ಪೆಸಿಫಿಕ್ಕಿನ ಬಾಕ್ಸ್‌ಕಾರ್, ನ್ಯೂಯಾರ್ಕ್ ಸೆಂಟ್ರಲ್ಲಿನದು, ಎಲ್ಲ ಒಂದೇ ಸಾಲಿನಲ್ಲಿ. ಪೆನ್ಸಿಯ, ಅಂದರೆ ಪೆನ್ಸಿಲ್ವೇನಿಯಾ ರೈಲ್‌ರೋಡಿನ, ಎಕ್ಸ್29 ಎಂಬ ಬಾಕ್ಸ್‌ಕಾರ್ ಗಿಡ್ಡ. 1937ರ ಎಎಆರ್ (ಅಮೆರಿಕದ ರೈಲ್‌ರೋಡುಗಳ ಸಂಘ) ವಿನ್ಯಾಸದ ಬಾಕ್ಸ್‌ಕಾರ್ ಅದರ ಪಕ್ಕ ನಿಂತರೆ ನಮ್ಮ ಸ್ಕೇಲಿನಲ್ಲೂ ಐದು ಮಿಲಿಮೀಟರಿನಷ್ಟು ಎತ್ತರ. ಆ ಏರುತಗ್ಗಿನ ಛಾವಣಿ ಸಾಲು, ಒಂದಕ್ಕೊಂದು ಹೊಂದದ ಕೆಂಪುಗಳು, ಇವೇ ಆ ಕಾಲದ ಗೂಡ್ಸ್ ಗಾಡಿಯ ಚಂದ. ಒಂದೇ ಡಬ್ಬಿಯ ಪುಡಿಯನ್ನು ಎಲ್ಲಕ್ಕೂ ಹಚ್ಚಿದರೆ ಆ ಚಂದ ಸತ್ತುಹೋಗುತ್ತದೆ.

ನನ್ನ ವಾದ ಇಷ್ಟೇ ಇತ್ತು. ಬಾಕ್ಸ್‌ಕಾರಿನ ಕೆಂಪು ಅಂದರೆ ಕಬ್ಬಿಣದ ಆಕ್ಸೈಡ್. ಅಗ್ಗ, ಬಿಸಿಲಿಗೆ ಬೇಗ ಬಣ್ಣಗೆಡುವುದಿಲ್ಲ ಎಂದು ಹೆಚ್ಚಿನ ರೈಲ್‌ರೋಡುಗಳು ಅದನ್ನೇ ಬಳಿದವು. ತುಕ್ಕೂ ಕಬ್ಬಿಣದ ಆಕ್ಸೈಡೇ. ನಮ್ಮ ಕೆಮ್ಮಣ್ಣಿನ ಕೆಂಪೂ ಅದೇ. ಹಾಗಿದ್ದಮೇಲೆ ಬೇರೆ ಪುಡಿ ಯಾಕೆ?

ಪುಡಿಯ ಖರ್ಚೂ ಕಡಿಮೆಯದಲ್ಲ. ಹೆಸರಾಂತ ಪ್ಯಾಸ್ಟೆಲ್ ಸೆಟ್ಟೊಂದು ಅಂಚೆ, ಸುಂಕ ಎಲ್ಲ ಸೇರಿ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಮೂರೂವರೆ ನಾಲ್ಕು ಸಾವಿರ. ರೆಸಿನ್ ಕಿಟ್ ಒಂದಕ್ಕೆ ಆರು ಏಳು ಸಾವಿರ ಆಗಲೇ ಕೈಬಿಟ್ಟಿರುತ್ತದೆ. ಮೇಲೆ ಕೇಡೀ (Kadee) ಕಂಪನಿಯ ಕಪ್ಲರ್ ಅಂದರೆ ಗಾಡಿ ಜೋಡಿಸುವ ಕೊಂಡಿ, ಲೋಹದ ಚಕ್ರ, ಡೆಕಾಲ್ ಅಂದರೆ ಮೈಮೇಲಿನ ಅಕ್ಷರಗಳ ಅಂಟುಹಾಳೆ. ಒಮ್ಮೆ ಪಾರ್ಸೆಲ್ಲಿನಲ್ಲಿ ಡಬ್ಬಿಗಳು ಒಡೆದು ಬಂದವು. ಮೂರು ಬಣ್ಣ ಕಲಸಿಹೋಗಿ ಒಂದೂ ಕೆಲಸಕ್ಕೆ ಬರಲಿಲ್ಲ. ಕೆಮ್ಮಣ್ಣು ಕಿಲೋಗೆ ನಲವತ್ತೋ ಐವತ್ತೋ ಕೊಟ್ಟ ನೆನಪು. ಆಮೇಲೆ ಅದನ್ನೂ ಕೊಳ್ಳಲಿಲ್ಲ, ತೋಟದ ದರೆಯಿಂದಲೇ ಕೆರೆದುಕೊಂಡೆ.

ಆದರೆ ಹಿರಿಯರು ಕಣದ ಬಗ್ಗೆ ಹೇಳಿದ್ದು ಸರಿಯಾಗಿಯೇ ಇತ್ತು. ಮಿಲಿಮೀಟರಿನ ಹತ್ತನೇ ಒಂದು ಭಾಗದ ಕಣ 87 ಪಟ್ಟು ಹಿಗ್ಗಿದರೆ ಹತ್ತಿರ ಹತ್ತಿರ ಒಂಬತ್ತು ಮಿಲಿಮೀಟರ್. ಜಲ್ಲಿಯೇ ಸರಿ. ಒರಳಲ್ಲಿ ಕುಟ್ಟಿ ವಸ್ತ್ರಗಾಳಿತ ಮಾಡಿದ ಪುಡಿಯೂ ಲೆನ್ಸಿನಡಿ ತರಿತರಿ. ಮಿಕ್ಸಿಗೆ ಹಾಕಿದರೆ ಬ್ಲೇಡು ಸವೆಯಿತೇ ಹೊರತು ಮರಳು ಮಣಿಯಲಿಲ್ಲ.

ದಾರಿ ತೋರಿದ್ದು ಅವ್ವ. ನಮ್ಮದು ದೀವರ ಮನೆ; ಗೋಡೆಯ ಮೇಲೆ ಹಸೆ ಚಿತ್ತಾರ ಬರೆದ ಕೈ ಅದು. ಚಿತ್ತಾರಕ್ಕೆ ಕೆಮ್ಮಣ್ಣಿನ ನೆಲೆ ಬಳಿಯುವಾಗ ಮಣ್ಣನ್ನು ಯಾರೂ ಕುಟ್ಟಿ ಸಣ್ಣ ಮಾಡುವುದಿಲ್ಲ, ನೀರಲ್ಲಿ ಬಿಡುತ್ತಾರೆ. "ತಳದ್ದು ಬ್ಯಾಡ ಮಗಾ, ಮೇಲಿಂದು ಬಗ್ಗಿಸ್ಕ" ಅಂದಳು. ಹಾಗೇ ಮಾಡಿದೆ. ಒಂದು ಗೇಣಿಗಿಂತ ಕಡಿಮೆ ಎತ್ತರದ ಗಾಜಿನ ಜಾಡಿಯಲ್ಲಿ ಮಣ್ಣನ್ನು ಚೆನ್ನಾಗಿ ಕದಡಿ, ಇಪ್ಪತ್ತು ನಿಮಿಷದ ಆಸುಪಾಸು ಅಲುಗಾಡಿಸದೆ ಬಿಟ್ಟು, ಮೇಲಿನ ಅರ್ಧವನ್ನು ಮಾತ್ರ ಇನ್ನೊಂದು ಜಾಡಿಗೆ ಬಗ್ಗಿಸಬೇಕು. ಅಷ್ಟು ಹೊತ್ತಿಗೆ ಮರಳೂ ದಪ್ಪ ಕಣವೂ ತಳ ಸೇರಿರುತ್ತವೆ. ಮೇಲೆ ತೇಲುವುದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣದು. ಅದನ್ನು ಮತ್ತೊಮ್ಮೆ ಕದಡಿ ಮತ್ತೆ ಬಗ್ಗಿಸಿ. ಕೊನೆಯ ಜಾಡಿಯನ್ನು ಎರಡು ಮೂರು ದಿನ ಬಿಟ್ಟರೆ ತಿಳಿನೀರು ಮೇಲೆ, ಬೆಣ್ಣೆಯಂಥ ಗಷ್ಟು ಕೆಳಗೆ. ಕಿಲೋ ಮಣ್ಣಿಗೆ ನೂರು ಗ್ರಾಂ ಸಿಕ್ಕರೆ ಹೆಚ್ಚು. ಒಂದು ಗಾಡಿಗೆ ಬೇಕಾದದ್ದು ಚಿಟಿಕೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಬಣ್ಣದ ಬಗೆ ಬಗೆಗೆ ಕಬ್ಬಿಣದ ಹೆಂಚು. ದರೆಯಲ್ಲಿ ಹಳದಿ ಪಟ್ಟೆ ಸಿಗುತ್ತದಲ್ಲ, ಆ ಮಣ್ಣನ್ನು ಹೀಗೇ ತೊಳೆದು ಒಣಗಿಸಿ ಹೆಂಚಿನ ಮೇಲೆ ಹುರಿದರೆ ಒಳಗಿನ ನೀರಂಶ ಬಿಟ್ಟು ಕೆಂಪಾಗುತ್ತಾ ಹೋಗುತ್ತದೆ. ಬೇಗ ಇಳಿಸಿದರೆ ಕಿತ್ತಳೆ ಕಡೆಯ ಕೆಂಪು, ಹೊಸ ತುಕ್ಕಿಗೆ ಹೇಳಿ ಮಾಡಿಸಿದ್ದು. ಇನ್ನೂ ಬಿಟ್ಟರೆ ಇಟ್ಟಿಗೆ ಕೆಂಪು. ಒಂದೇ ಮಣ್ಣಿನಿಂದ ನಾನು ನಾಲ್ಕೈದು ಬಣ್ಣ ತೆಗೆದಿದ್ದೇನೆ. ಹಳೆಯ ತುಕ್ಕಿನ ಕಂದು ಮಾತ್ರ ಹುರಿದು ಬರುವುದಿಲ್ಲ, ಅದಕ್ಕೆ ಕಾಡಿಗೆ ಬೆರೆಸಬೇಕು. ಅಡುಗೆಯ ಹೆಂಚು ಮುಟ್ಟಬೇಡಿ, ಹಳೆಯದೊಂದನ್ನು ಇದಕ್ಕೇ ಇಟ್ಟುಕೊಳ್ಳಿ.

ಪುಡಿ ಸಿದ್ಧವಾಯಿತು, ಅದನ್ನು ಗಾಡಿಯ ಮೇಲೆ ನಿಲ್ಲಿಸುವುದೇ ನಿಜವಾದ ಕಷ್ಟ. ದುಡ್ಡು ಹೋದದ್ದೂ ಇಲ್ಲಿಯೇ. ಮೊದಲು ಎಲ್ಲರ ಹಾಗೆ ಮ್ಯಾಟ್ ವಾರ್ನಿಷಿನ ಮೇಲೆ ಒಣಪುಡಿ ತಿಕ್ಕಿ ಮತ್ತೆ ವಾರ್ನಿಷ್ ಸ್ಪ್ರೇ ಮಾಡಿದೆ. ಹಚ್ಚಿದ್ದರಲ್ಲಿ ಮುಕ್ಕಾಲು ಪಾಲು ಕಣ್ಣೆದುರೇ ಮಾಯ. ಮಳೆಗಾಲದಲ್ಲಿ ಅದೇ ಸ್ಪ್ರೇ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಆಷಾಢದ ಸಾಗರದಲ್ಲಿ ಗಾಳಿಯೇ ಒದ್ದೆ, ಡಬ್ಬಿಯ ಮೇಲೆ ಏನು ಬರೆದಿದ್ದರೂ ಅಷ್ಟೇ. ರೆಡ್ ಕಬೂಸ್ ಕಂಪನಿಯ ಎಕ್ಸ್29 ಒಂದು, ರೆಸಿನ್ ಹಾಪರ್ (ಕಲ್ಲಿದ್ದಲು ಗಾಡಿ) ಒಂದು ಹೀಗೇ ಹೋದವು. ಹತ್ತು ಸಾವಿರದ ಹತ್ತಿರ ಮಣ್ಣುಪಾಲು. ನೀರು ಬೆರೆಸಿದ ಫೆವಿಕಾಲಿನಲ್ಲಿ ಕಲಸಿ ಹಚ್ಚಿದರೆ ಅಂಚಿನಲ್ಲಿ ಗೆರೆ ಕಟ್ಟಿ ಮಿಂಚಿತು. ಅವ್ವನ ಪದ್ಧತಿಯಂತೆ ಅಕ್ಕಿಗಂಜಿಯಲ್ಲಿ ಕಲಸಿದ್ದು ಎಲ್ಲಕ್ಕಿಂತ ಚೆನ್ನಾಗಿ ಕೂತಿತು, ಮ್ಯಾಟ್ ಅಂದರೆ ಅದು. ಆದರೆ ಶ್ರಾವಣದ ಹೊತ್ತಿಗೆ ಬೂಷ್ಟು. ಗೋಡೆಯನ್ನು ವರ್ಷವರ್ಷ ಹೊಸದಾಗಿ ಬಳಿಯಬಹುದು, ಡೆಕಾಲ್ ಹಾಕಿದ ಬಾಕ್ಸ್‌ಕಾರನ್ನು ಆಗುವುದಿಲ್ಲ.

ಕೊನೆಗೆ ಗೆದ್ದದ್ದು ಅಕ್ರಿಲಿಕ್ ಮ್ಯಾಟ್ ಮೀಡಿಯಂ, ಅಂದರೆ ಬಣ್ಣಕ್ಕೆ ಬೆರೆಸುವ ಹೊಳಪಿಲ್ಲದ ಅಂಟು. ಗಷ್ಟನ್ನು ಒಣಗಿಸದೆ ಹಾಗೇ ತೆಗೆದು, ನೀರು ಮಜ್ಜಿಗೆಯ ಹದಕ್ಕೆ ತೆಳು ಮಾಡಿ, ಒಂದು ಚಮಚಕ್ಕೆ ಮೂರು ನಾಲ್ಕು ಹನಿ ಮೀಡಿಯಂ, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಇದರ ಜೊತೆ ಅಡುಗೆಮನೆಯದೇ ಇನ್ನೊಂದು ವಸ್ತು ಬೀಳುತ್ತದೆ. ಅದರ ಹೆಸರನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಅದಿಲ್ಲದೆಯೂ ನೂರಕ್ಕೆ ಎಂಬತ್ತು ಪಾಲು ಬರುತ್ತದೆ. ಇಡೀ ಪಕ್ಕಕ್ಕೆ ಹಚ್ಚಿ, ಅರೆ ಒಣಗಿದಾಗ ಒದ್ದೆ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಎಳೆದು ತೆಗೆಯಬೇಕು. ರಿವೆಟ್ಟಿನ ಸುತ್ತ, ಬಾಗಿಲ ಹಳಿಯ ಮೇಲೆ, ಸಂದಿಯಲ್ಲಿ ಉಳಿದದ್ದು ಉಳಿಯಲಿ. ಮೇಲೆ ವಾರ್ನಿಷ್ ಬೇಡವೇ ಬೇಡ. ಕೈಯಲ್ಲಿ ಹಿಡಿದರೂ ಹೋಗುವುದಿಲ್ಲ.

ಎಳೆಯುವ ಬ್ರಷ್ಷೂ ಬದಲಾಗಿದೆ. ಚಿತ್ತಾರದ ಪುಂಡಿ ನಾರಿನ ಕುಂಚ ನೋಡಿದವರಿಗೆ ಗೊತ್ತು, ನಾರಿನ ತುದಿ ಜಜ್ಜಿದರೆ ಕೂದಲೆಳೆಯ ಗೆರೆ ಬರುತ್ತದೆ. ಬಿಳಿ ಅಕ್ಷರಗಳ ಬಣ್ಣ ಮಳೆಗೆ ಕರಗಿ ಕೆಳಗೆ ಇಳಿದ ಗೆರೆಗಳನ್ನು ಅದರಲ್ಲೇ ಎಳೆಯುತ್ತೇನೆ, ಗುವಾಶ್ ಎಂಬ ನೀರುಬಣ್ಣದ ತೆಳು ಬಿಳಿಯಲ್ಲಿ. ಸಾವಿರ ರೂಪಾಯಿಯ ಸೇಬಲ್ ಕುಂಚದಲ್ಲಿ ಇಷ್ಟು ಒರಟಾದ, ಇಷ್ಟು ನಂಬುವಂಥ ಗೆರೆ ನನಗೆ ಬಂದಿಲ್ಲ.

ಎಲ್ಲಿ ಹಚ್ಚಬೇಕು ಎನ್ನುವುದನ್ನು ಗಾಡಿಯೇ ಹೇಳುತ್ತದೆ. ಎಕ್ಸ್29 ಉಕ್ಕಿನ ಬಾಕ್ಸ್‌ಕಾರ್ 1924ರ ಹೊತ್ತಿನಿಂದ ಮೂವತ್ತು ಸಾವಿರದ ಆಸುಪಾಸು ಕಟ್ಟಲ್ಪಟ್ಟವು. ಅವುಗಳ ರೋಗ ಒಂದೇ: ಉಕ್ಕಿನ ತಗಡಿಗೂ ಒಳಗಿನ ಹಲಗೆಗೂ ನಡುವೆ ನೀರು ನಿಂತು ಪಕ್ಕದ ಕೆಳ ಅಂಚು ಒಳಗಿನಿಂದ ಕೊಳೆಯುವುದು. ಪೆನ್ಸಿಯವರು ಅಲ್ಲಿ ತೇಪೆ ತಗಡು ಹೊಡೆದರು. ಹಾಗಾಗಿ ಎಕ್ಸ್29ಕ್ಕೆ ತುಕ್ಕು ಛಾವಣಿಯಿಂದ ಇಳಿಯುವುದಲ್ಲ, ಕೆಳ ಅಂಚಿನಿಂದ ಮೇಲೇಳಬೇಕು. ತೇಪೆ ಹಾಕಿದ ಗಾಡಿಯಾದರೆ ತೇಪೆ ಚೊಕ್ಕಟ, ಅದರ ಮೇಲಿನ ಅಂಚು ಕೊಳಕು. ಎಲ್ಲ ಗಾಡಿಗೂ ಒಂದೇ ಥರ ಮೇಲಿಂದ ತುಕ್ಕು ಸುರಿಸುವವರ ಕೆಲಸ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು, ತೂಕದ ಗುರುತು. ಖಾಲಿ ಗಾಡಿಯನ್ನು ಕೆಲವು ವರ್ಷಕ್ಕೊಮ್ಮೆ ಮತ್ತೆ ತೂಗಿ, ಹಳೆ ಅಂಕಿಯ ಮೇಲೆ ಹೊಸ ಬಣ್ಣದ ಚೌಕ ಬಳಿದು ಹೊಸ ತೂಕ, ಜಾಗ, ತಿಂಗಳು ಬರೆಯುತ್ತಿದ್ದರು. ಕೊಳಕು ಗಾಡಿಯ ಮೇಲೆ ಆ ಒಂದು ಚೌಕ ಮಾತ್ರ ಹೊಸದು. ಮಣ್ಣು ಹಚ್ಚುವ ಮೊದಲೇ ಅಲ್ಲಿ ಸಣ್ಣ ಟೇಪು ಅಂಟಿಸಿ. ಅದನ್ನು ಕಿತ್ತಾಗ ಸಿಗುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಚಕ್ರದ ಬೇರಿಂಗಿಗೆ ಎಣ್ಣೆ ಹತ್ತಿ ಬದಲಿಸಿದ ದಿನಾಂಕದ ಗುರುತಿಗೂ ಹೀಗೇ.

ಬಣ್ಣಕ್ಕೆ ಪುರಾವೆ ಬೇಕೆಂದರೆ ಛಾಯಾಗ್ರಾಹಕ ಜಾಕ್ ಡೆಲಾನೊ 1942-43ರಲ್ಲಿ ಶಿಕಾಗೋ ಯಾರ್ಡುಗಳಲ್ಲಿ ತೆಗೆದ ಕೊಡಕ್ರೋಮ್ ಬಣ್ಣದ ಚಿತ್ರಗಳನ್ನು ನೋಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಪುಕ್ಕಟೆ. ಅಲ್ಲಿ ತುಕ್ಕಿಗಿಂತ ಮಸಿ ಹೆಚ್ಚು ಕಾಣುತ್ತದೆ. ಕಲ್ಲಿದ್ದಲ ಹೊಗೆಯಲ್ಲಿ ಓಡಿದ ಗಾಡಿಗಳು; ಛಾವಣಿಗಳಲ್ಲಿ ಕೆಂಪು ಹುಡುಕಬೇಕು. ನಮ್ಮಲ್ಲಿ ಬಹುಪಾಲು ಜನ ಡೀಸೆಲ್ ಕಾಲದ ಹಾಗೆ ತುಕ್ಕೇ ತುಕ್ಕು ಮಾಡಿ ಸ್ಟೀಮ್ ಕಾಲ ಎನ್ನುತ್ತಾರೆ. ಮಸಿಗೆ ನಾನು ಹರಳೆಣ್ಣೆ ದೀಪದ ಕಾಡಿಗೆ ಹಿಡಿಯುತ್ತೇನೆ, ಹಿತ್ತಾಳೆ ತಟ್ಟೆಯನ್ನು ಕುಡಿಯ ಮೇಲೆ ಬೋರಲು ಹಾಕಿ. ಕಾಡಿಗೆ ನೀರಿಗೆ ಹೊಂದುವುದಿಲ್ಲ, ತೇಲುತ್ತದೆ. ಮೊದಲು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ತಿಕ್ಕಿ ಆಮೇಲೆ ನೀರಿಗೆ ಇಳಿಸಬೇಕು. ಹಳೆ ಮ್ಯಾಟ್ ಲ್ಯಾಕರ್ ಹೊಡೆದ ಗಾಡಿಯ ಮೇಲೆ ಆಲ್ಕೊಹಾಲ್ ಬಿದ್ದರೆ ಬೆಳ್ಳಗಾಗುತ್ತದೆ, ಜೋಪಾನ. ಅದನ್ನೇ ಬೇಕೆಂದು ಮಾಡಿ ಬಿಸಿಲಿಗೆ ಮಾಸಿದ ಗಾಡಿಯೊಂದನ್ನು ತೆಗೆದಿದ್ದೇನೆ, ಅದೂ ಒಂದು ದಾರಿ. ಛಾವಣಿಯ ನಡೆಹಲಗೆಗಳಿಗೆ ಕೆಮ್ಮಣ್ಣು ಬೇಡ. ಒಲೆಯ ಬೂದಿ, ಹಲಗೆ ಹಲಗೆಗೂ ಬೇರೆ ಬೇರೆ ಪ್ರಮಾಣದಲ್ಲಿ.

ಹಾಪರುಗಳ ಕತೆ ಬೇರೆ. ಪೆನ್ಸಿಯ ಎಚ್21ಎ ಕಲ್ಲಿದ್ದಲು ಗಾಡಿಯ ಒಳಗೆ ಇಳಿಜಾರಿನಲ್ಲಿ ಕಲ್ಲಿದ್ದಲು ಜಾರಿ ಜಾರಿ ಉಕ್ಕು ನಯವಾಗಿರುತ್ತದೆ: ಕಡು ತುಕ್ಕಿನ ಮೇಲೆ ಮಂದ ಹೊಳಪು. ಚೆನ್ನಾಗಿ ಹುರಿದ ಮಣ್ಣಿಗೆ ಕಾಡಿಗೆ ಬೆರೆಸಿ ಬಳಿದು, ಒಣಗಿದ ಮೇಲೆ 6ಬಿ ಪೆನ್ಸಿಲಿನ ಗ್ರಾಫೈಟ್ ಪುಡಿಯನ್ನು ಬೆರಳಲ್ಲಿ ತಿಕ್ಕಿದರೆ ಸಾಕು. ಲೋಡಿಗೆ ಕುಲುಮೆಯ ಇದ್ದಿಲನ್ನು ಒಡೆದು ತುಂಬಿ ನೋಡಿದೆ. ಕರಿಯಿದ್ದರೂ ಸಪ್ಪೆ, ಪೆನ್ಸಿಲ್ವೇನಿಯಾದ ಕಲ್ಲಿದ್ದಲಿಗೆ ಮಿನುಗಿರುತ್ತದೆ. ನಿಜವಾದ ಕಲ್ಲಿದ್ದಲು ಒಂದು ಹಿಡಿ ಸಿಕ್ಕ ಮೇಲೆ ಎಂಟು ಹಾಪರ್ ತುಂಬಿವೆ. ತೂಕಕ್ಕೆ ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಹೇಳುವಂತೆ ನಲವತ್ತಡಿ ಗಾಡಿಗೆ ನೂರಾ ಹತ್ತು ಗ್ರಾಂ ಸುಮಾರು. ಹಾರ್ಡ್‌ವೇರ್ ಅಂಗಡಿಯ ನಟ್ಟುಗಳೇ ಸಾಕು.

ನಡುವೆ ಒಂದು ತಾಳಗುಪ್ಪ ಲೈನಿನ ಮೀಟರ್ ಗೇಜ್ ವ್ಯಾಗನ್ ಕೂಡ ಮಾಡಿದೆ. ಸ್ಟೈರೀನ್ ಹಾಳೆ ಕತ್ತರಿಸಿ, 12 ಮಿಲಿಮೀಟರ್ ಹಳಿಗೆ, ಅದೇ 1:87ರಲ್ಲಿ. ಅದಕ್ಕೆ ಮಣ್ಣು ಹುರಿಯಬೇಕಾಗಲಿಲ್ಲ, ಕಾಡಿಗೆ ಬೆರೆಸಬೇಕಾಗಲಿಲ್ಲ. ಆ ವ್ಯಾಗನ್ನುಗಳ ಮೇಲೆ ಕೂರುತ್ತಿದ್ದದ್ದು ಇದೇ ದರೆಯ ಧೂಳು.

ಈಗ ಮೇಜಿನ ಮೇಲಿರುವುದು ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಕಂಪನಿಯ ಐಸ್ ರೀಫರ್, ಅಂದರೆ ಐಸ್ ತುಂಬಿ ತಂಪಾಗಿಡುವ ಗಾಡಿ. ಕ್ಯಾಲಿಫೋರ್ನಿಯಾದ ಹಣ್ಣು ಹೊತ್ತು ಪಿಟ್ಸ್‌ಬರ್ಗಿಗೆ ಬರುತ್ತಿದ್ದ ಕಿತ್ತಳೆ ಗಾಡಿ. ಕಿತ್ತಳೆಯ ಮೇಲೆ ಕೆಮ್ಮಣ್ಣು ಕಾಣುವುದೇ ಇಲ್ಲ. ಬರೀ ಕಾಡಿಗೆ ಹಚ್ಚಿದರೆ ಹಸಿರುಹಸಿರಾಗಿ ಕೊಳೆತಂತೆ ಕಾಣುತ್ತದೆ. ಬೂದಿಗೆ ಸ್ವಲ್ಪ ಹಳದಿ ಮಣ್ಣು, ಚೂರೇ ಚೂರು ಕಾಡಿಗೆ ಬೆರೆಸಿ ಬಾಗಿಲ ಹಿಂಜ್ ಸುತ್ತ ಹಚ್ಚಿದ್ದು ಸದ್ಯಕ್ಕೆ ಒಪ್ಪುವಂತಿದೆ. ಐಸ್ ತುಂಬುವ ಮೂಲೆಯ ಮುಚ್ಚಳಗಳಿಂದ ಉಪ್ಪುನೀರು ಇಳಿದ ಗೆರೆಗಳು ಇನ್ನೂ ಹದಕ್ಕೆ ಬಂದಿಲ್ಲ. ಐಸಿನ ಜೊತೆ ಉಪ್ಪು ಹಾಕಿ ಓಡಿಸಿದ ಗಾಡಿಗಳಿಗೆ ಆ ಗೆರೆ ಬೇಕೇ ಬೇಕು. ಯಾರಾದರೂ ರೀಫರ್ ಮೇಲೆ ಕೈಯಾಡಿಸಿದ್ದರೆ ಹೇಳಿ, ಬದಲಿಗೆ ತೊಳೆದ ಕೆಮ್ಮಣ್ಣು ಒಂದು ಡಬ್ಬಿ ಅಂಚೆಯಲ್ಲಿ ಕಳಿಸುತ್ತೇನೆ.